ಕೀಲಿಕೈಗಳ ಒಡೆಯ ಕಳೆದುಹೋದಾಗ

ಬೀಗ ಹಾಕದೆ ಊರಿಗೆ ಹೋಗುವ ಕಾಲ ಎಂದೋ ಮುಗಿಯಿತು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವಿರಲಿ, ಸಿರುಗುಪ್ಪದ ಅಕ್ಕಿ ಗಿರಣಿಯಿರಲಿ, ಕುರುಗೋಡಿನ ಪೇಟೆಯ ಅಂಗಡಿಯಿರಲಿ, ಬೀಗವಿಲ್ಲದೆ ಬಾಗಿಲಿಲ್ಲ. ಮನೆಯ ಕೀಲಿಕೈ ಕಳೆದರೆ ನಷ್ಟ ಸಣ್ಣದು. ಬೀಗ ಒಡೆದು ಹೊಸದನ್ನು ತಂದರಾಯಿತು. ಆದರೆ ನೂರಾರು ಬಾಗಿಲುಗಳಿರುವ ಆಸ್ಪತ್ರೆ, ಕಾಲೇಜು, ಕಾರ್ಖಾನೆಗಳ ಗತಿಯೇನು? ಒಬ್ಬ ನೌಕರ ಕೀಲಿಕೈ ಕಳೆದಾಗಲೆಲ್ಲ ಬಡಗಿಯನ್ನು ಕರೆಸಿ ಬೀಗ ಕಿತ್ತು ಕೂರಿಸಲು ಸಾಧ್ಯವೇ?

ಈ ತೊಂದರೆಗೆ ಉತ್ತರ ಹುಡುಕಿದವರು ಅಮೆರಿಕದ ಸಿಯಾಟಲ್ ನಗರದ ಶಾಲೆಯೊಂದರ ಕಟ್ಟಡ ನೋಡಿಕೊಳ್ಳುತ್ತಿದ್ದ ಫ್ರಾಂಕ್ ಬೆಸ್ಟ್. 1920ರ ಸುಮಾರಿಗೆ ಅವರು ರೂಪಿಸಿದ ಬೀಗದಲ್ಲಿ ಕೀಲಿಕೈ ತೂರಿಸುವ ಭಾಗವನ್ನಷ್ಟೇ ಹೊರಗೆಳೆದು, ಬೇರೊಂದನ್ನು ಕೂರಿಸಬಹುದು. ಹಲಸಿನ ತೊಳೆಯಿಂದ ಬೀಜ ತೆಗೆದ ಹಾಗೆ! ಇಂಗ್ಲಿಷ್ ಅಂಕಿ ಎಂಟರ ಆಕಾರದ ಈ ಭಾಗಕ್ಕೆ ಇಂಟರ್‌ಚೇಂಜೆಬಲ್ ಕೋರ್ ಎಂದು ಹೆಸರು. ನಾವು ಬೀಗದ ತಿರುಳು ಎನ್ನೋಣ.

ಒಳಗೆ ಏನಿದೆ?

ಇದರ ಮೂಲತತ್ತ್ವ ಹಳೆಯದು. ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲೇ ಅದು ಇತ್ತು. ಅದಕ್ಕೆ ಇಂದಿನ ಲೋಹದ ರೂಪ ಕೊಟ್ಟವರು ಅಮೆರಿಕದ ಲೈನಸ್ ಯೇಲ್ ಜೂನಿಯರ್. 1861 ಮತ್ತು 1865ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಬೀಗದೊಳಗೆ ತಿರುಗುವ ಒಂದು ಉರುಳೆ, ಅದರ ಸುತ್ತ ತಿರುಗದ ಕವಚ. ಎರಡನ್ನೂ ಹಾದು ನಿಂತ ಸಣ್ಣ ಸಣ್ಣ ಪಿನ್ನುಗಳು ಉರುಳೆಯನ್ನು ಹಿಡಿದಿಟ್ಟಿರುತ್ತವೆ. ಪ್ರತಿ ಪಿನ್ನೂ ಎರಡು ತುಂಡು. ಸರಿಯಾದ ಕೀಲಿಕೈ ಒಳಹೋದಾಗ ಅದರ ಹಲ್ಲುಗಳು ಪಿನ್ನುಗಳನ್ನು ಬೇಕಾದಷ್ಟೇ ಎತ್ತುತ್ತವೆ. ಎಲ್ಲ ಪಿನ್ನುಗಳ ಸಂದುಗಳೂ ಉರುಳೆಯ ಅಂಚಿನ ಗೆರೆಗೆ ಬಂದು ನಿಂತಾಗ ಮಾತ್ರ ಉರುಳೆ ತಿರುಗುತ್ತದೆ. ಒಂದೇ ಒಂದು ಪಿನ್ನು ಕೂದಲೆಳೆಯಷ್ಟು ಮೇಲೋ ಕೆಳಗೋ ಇದ್ದರೂ ತಿರುಗದು.

ಇಲ್ಲಿ ಗಣಿತವೂ ಇದೆ. ಐದು ಪಿನ್ನು, ಪ್ರತಿಯೊಂದಕ್ಕೂ ಐದು ಎತ್ತರ ಎಂದಿಟ್ಟುಕೊಂಡರೆ 3,125 ಬಗೆಯ ಕೀಲಿಕೈ ಸಾಧ್ಯ. ಏಳು ಪಿನ್ನು, ಹತ್ತು ಎತ್ತರ ಎಂದರೆ ಲೆಕ್ಕಕ್ಕೆ ಒಂದು ಕೋಟಿ! ಕೆಲವು ಜೋಡಣೆಗಳನ್ನು ಬಳಸಲಾಗದ್ದರಿಂದ ನಿಜವಾಗಿ ಸಿಗುವುದು ಅದಕ್ಕಿಂತ ಕಡಿಮೆ.

ಎರಡು ಗೆರೆ, ಎರಡು ಕೀಲಿಕೈ

ತಿರುಳಿನ ಬೀಗದಲ್ಲಿ ಉರುಳೆಗೂ ಕವಚಕ್ಕೂ ನಡುವೆ ಇನ್ನೊಂದು ತೋಳು ಇರುತ್ತದೆ. ಹಾಗಾಗಿ ಗೆರೆಗಳು ಎರಡು. ದಿನಬಳಕೆಯ ಕೀಲಿಕೈ ಸಂದುಗಳನ್ನು ಒಳಗಿನ ಗೆರೆಗೆ ತರುತ್ತದೆ; ಉರುಳೆ ತಿರುಗಿ ಬಾಗಿಲು ತೆರೆಯುತ್ತದೆ. ಕಂಟ್ರೋಲ್ ಕೀ ಎಂಬ ಒಡೆಯ ಕೀಲಿಕೈ ಸಂದುಗಳನ್ನು ಹೊರಗಿನ ಗೆರೆಗೆ ತರುತ್ತದೆ. ಆಗ ಉರುಳೆಯ ಜೊತೆಗೆ ತೋಳೂ ಸುಮಾರು 15 ಡಿಗ್ರಿ ಹೊರಳುತ್ತದೆ. ತೋಳಿಗಂಟಿದ ಸಣ್ಣ ನಾಲಿಗೆ ಒಳಸರಿಯುತ್ತದೆ. ತಿರುಳು ಇಡಿಯಾಗಿ ಕೈಗೆ ಬರುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಬಳ್ಳಾರಿಯಲ್ಲಿ ಮುಖ್ಯ ಕಚೇರಿ, ಸಿರುಗುಪ್ಪ ಮತ್ತು ಕುರುಗೋಡಿನಲ್ಲಿ ಶಾಖೆಗಳು ಇರುವ ವಿದ್ಯಾಸಂಸ್ಥೆ. ಪ್ರತಿ ಕೋಣೆಗೂ ಕೀಲಿಕೈ ಬೇರೆ. ಮೂರೂ ಊರಿನ ತಿರುಳುಗಳಿಗೆ ಒಡೆಯ ಕೀಲಿಕೈ ಮಾತ್ರ ಒಂದೇ. ಸಿರುಗುಪ್ಪದಲ್ಲಿ ಒಂದು ಕೋಣೆಯ ಕೀಲಿಕೈ ಕಳೆದರೆ ಒಂದು ನಿಮಿಷದಲ್ಲಿ ತಿರುಳು ಬದಲು. ಆದರೆ ಒಡೆಯ ಕೀಲಿಕೈಯೇ ಕಳೆದರೆ?

ಬಾಗಿಲುಗಳು ಎಂದಿನಂತೆ ತೆರೆಯುತ್ತವೆ, ಮುಚ್ಚುತ್ತವೆ. ಏನೂ ಆಗಿಲ್ಲವೆನ್ನಿಸುತ್ತದೆ. ಅಪಾಯ ಇರುವುದೇ ಅಲ್ಲಿ. ಸಂಸ್ಥೆ ತನ್ನ ಯಾವ ತಿರುಳನ್ನೂ ಬದಲಿಸಲಾರದು. ಕೀಲಿಕೈ ಸಿಕ್ಕವನು ಮಾತ್ರ ಎಲ್ಲವನ್ನೂ ಕಳಚಬಲ್ಲ. ತಿರುಳು ತೆಗೆದವನಿಗೆ ಬಾಗಿಲು ತೆರೆಯುವುದು ಕಷ್ಟವಲ್ಲ.

ಪರಿಹಾರದ ಮೊದಲ ಹೆಜ್ಜೆ ಸುತ್ತಿಗೆಯಲ್ಲ, ಕಡತ. ಹಲ್ಲುಗಳ ಆಳವನ್ನು ಸೂಚಿಸುವ ಸಂಖ್ಯೆಗಳನ್ನು ಬರೆದಿಟ್ಟಿದ್ದರೆ, ಅಧಿಕಾರಪತ್ರ ನೋಡಿ ತಯಾರಕರು ಹೊಸದನ್ನು ಕತ್ತರಿಸಿ ಕೊಡುತ್ತಾರೆ. ದಾಖಲೆ ಇಲ್ಲದಿದ್ದರೆ ಬೀಗದ ಕುಶಲಕರ್ಮಿಯೇ ಗತಿ. ಅವನು ಒಂದು ತಿರುಳನ್ನು ಕೆಡದಂತೆ ಹೊರತೆಗೆದರೆ, ಅದರೊಳಗಿನ ಪಿನ್ನುಗಳನ್ನು ಅಳೆದು ಕಳೆದ ಕೀಲಿಕೈಯ ಆಕಾರವನ್ನು ಲೆಕ್ಕಹಾಕಬಹುದು. ಒಂದು ತಿರುಳು ಬಾಯಿಬಿಟ್ಟರೆ ಉಳಿದವುಗಳ ಗುಟ್ಟೂ ಬಯಲು! ಅದೂ ಆಗದಿದ್ದರೆ ಕೊರೆಯುವುದೇ ದಾರಿ. ಆಗ ತಿರುಳು ಹಾಳಾದರೂ ಬಾಗಿಲಿನ ಬೀಗದ ಹೊರಮೈಯನ್ನು ಉಳಿಸಿಕೊಳ್ಳಬಹುದು. ಕೀಲಿಕೈ ಅನ್ಯರ ಕೈಸೇರಿದ ಶಂಕೆಯಿದ್ದರೆ ಹಳೆಯದರ ನಕಲು ಸಾಲದು; ಎಲ್ಲ ತಿರುಳುಗಳ ಪಿನ್ನುಗಳನ್ನೂ ಹೊಸದಾಗಿ ಜೋಡಿಸಬೇಕು.

ಚಿತ್ರವೂ ಕೀಲಿಕೈಯೇ

ಕೀಲಿಕೈ ಎಂದರೆ ಲೋಹದ ತುಂಡಲ್ಲ, ಕೆಲವು ಅಂಕಿಗಳು. ಅಂಕಿಗಳನ್ನು ಕದಿಯಲು ಮುಟ್ಟಬೇಕಾಗಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ವಿಭಾಗದ ಸಂಶೋಧಕರು, ಸುಮಾರು 60 ಮೀಟರ್ ದೂರದಿಂದ ತೆಗೆದ ಫೋಟೋ ನೋಡಿಯೇ ಕೀಲಿಕೈಯ ಅಳತೆ ಪಡೆಯಬಹುದೆಂದು ತೋರಿಸಿದರು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಪೆಟ್ಟಿಗೆ ತೆರೆದು ನೋಡಲು ಬಳಸುವ ಒಡೆಯ ಕೀಲಿಕೈಗಳ ಚಿತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 2015ರಲ್ಲಿ ಅವುಗಳ ನಕಲು ತಯಾರಿಸುವ ಗಣಕ ನಕ್ಷೆಗಳೇ ಜಗತ್ತಿಗೆಲ್ಲ ಹಂಚಿಹೋದವು. ಹೊಸ ಮನೆಯ ಕೀಲಿಕೈ ಹಿಡಿದು ತೆಗೆದ ಚಿತ್ರವನ್ನು ಮೊಬೈಲಿನಲ್ಲಿ ಹಂಚುವ ಮಕ್ಕಳೂ ದೊಡ್ಡವರೂ ಇದನ್ನು ಯೋಚಿಸಬೇಕು.

ಬೀಗ ಗಟ್ಟಿಯಿದ್ದರೆ ಸಾಲದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಕಹಿ ನೆನಪಿದೆ. ಪ್ರಶ್ನೆಪತ್ರಿಕೆಗಳನ್ನು ಖಜಾನೆಯ ಬಂದೋಬಸ್ತಿನಲ್ಲಿಡುವುದು ಪದ್ಧತಿ. ಆದರೂ 2016ರ ಮಾರ್ಚ್ 21ರ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಬಯಲಾಯಿತು. ಮಾರ್ಚ್ 31ರ ಮರುಪರೀಕ್ಷೆಯದೂ ಬಯಲಾಯಿತು. ಕೊನೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ರಂದು. ಓದಿದ ಮಕ್ಕಳು ಮತ್ತೆ ಮತ್ತೆ ಓದಬೇಕಾಯಿತು.

ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಕೀಲಿಕೈಗಳಿಗೊಂದು ಪುಸ್ತಕವಿರಲಿ: ಯಾವುದು ಯಾರ ಬಳಿ, ಕೊಟ್ಟದ್ದು ಎಂದು, ಮರಳಿದ್ದು ಎಂದು. ಬದಲಿ ಕೀಲಿಕೈ ಮೊಹರು ಹಾಕಿದ ಲಕೋಟೆಯಲ್ಲಿ ಬೇರೆ ಕಡೆ ಇರಲಿ. ಗೊಂಚಲಿಗೆ ವಿಳಾಸದ ಚೀಟಿ ಬೇಡ. ಎಲ್ಲಕ್ಕಿಂತ ಮುಖ್ಯ, ಕೀಲಿಕೈ ಕಳೆದ ಮಗುವಾಗಲಿ ಜವಾನನಾಗಲಿ ಅದೇ ಗಳಿಗೆಯಲ್ಲಿ ಹೇಳುವ ಧೈರ್ಯ ತೋರುವಂತಿರಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಒಂದು ದಿನ ಕಳ್ಳನಿಗೆ ಸಿಕ್ಕ ಒಂದು ದಿನ.