ತೆರಿಗೆಯೇ ಇಲ್ಲದ ಊರಲ್ಲಿ ತೆರಿಗೆ ರಿಯಾಯಿತಿ ಎಲ್ಲಿಂದ?

ಹಳೆಯ ಕಿಟಕಿ ಬದಲಿಸಿ, ತಾರಸಿಗೆ ಶಾಖ ತಡೆಯುವ ಪದರ ಹಾಕಿಸಿ, ತೆರಿಗೆಯಲ್ಲಿ ರಿಯಾಯಿತಿ ಪಡೆಯಿರಿ ಅಂತ ಎಷ್ಟೋ ಸರ್ಕಾರಗಳು ಹೇಳುತ್ತವೆ. ಜರ್ಮನಿಯಲ್ಲಿ 2020ರಿಂದ, ಹತ್ತು ವರ್ಷ ದಾಟಿದ ಸ್ವಂತ ಮನೆಗೆ ಇಂಥ ಕೆಲಸ ಮಾಡಿಸಿದರೆ ಖರ್ಚಿನ ಶೇ. 20ರಷ್ಟು, ಗರಿಷ್ಠ 40,000 ಯೂರೋ, ಮೂರು ವರ್ಷಗಳಲ್ಲಿ ಆದಾಯ ತೆರಿಗೆಯಿಂದ ಕಳೆಯುತ್ತಾರೆ. ಅಮೆರಿಕದಲ್ಲಿ ಮನೆಯ ಸೋಲಾರ್‌ಗೆ ಸಿಗುತ್ತಿದ್ದ ಶೇ. 30ರ ರಿಯಾಯಿತಿ 2025ರ ಕೊನೆಗೆ ಮುಗಿಯಿತು. ಜೆಬೆಲ್ ಅಲಿಯಲ್ಲಿರುವ ನಮ್ಮ ಪ್ರಶ್ನೆಯೇ ಬೇರೆ: ಸಂಬಳಕ್ಕೆ ತೆರಿಗೆಯೇ ಇಲ್ಲದ ಕಡೆ ರಿಯಾಯಿತಿ ಕೊಡೋದು ಯಾವುದರಲ್ಲಿ?

ಉತ್ತರ: ಕರೆಂಟ್ ಬಿಲ್ಲಿನಲ್ಲಿ.

ದುಬೈ ಲೆಕ್ಕ

ನಾವೆಲ್ಲ ‘ದೇವಾ’ ಅನ್ನುವ ದುಬೈ ವಿದ್ಯುತ್ ಮತ್ತು ನೀರು ಪ್ರಾಧಿಕಾರ ಮನೆಗಳಿಗೆ ಹಂತಹಂತದ ದರ ಹಾಕುತ್ತದೆ. ತಿಂಗಳಿಗೆ ಮೊದಲ 2,000 ಯೂನಿಟ್‌ಗೆ ತಲಾ 23 ಫಿಲ್ಸ್, 4,000ದವರೆಗೆ 28, 6,000ದವರೆಗೆ 32, ಅದರ ಮೇಲೆ 38. ಇಂಧನ ಸರ್ಚಾರ್ಜ್ ಮತ್ತು ವ್ಯಾಟ್ ಬೇರೆ. 2,000 ಯೂನಿಟ್ ಬಳಸುವ ಫ್ಲ್ಯಾಟಿನವರು 500 ಯೂನಿಟ್ ಉಳಿಸಿದರೆ 115 ದಿರ್ಹಂ ಉಳಿಯುತ್ತದೆ. 6,500 ಬಳಸುವ ವಿಲ್ಲಾದವರು ಅಷ್ಟೇ ಉಳಿಸಿದರೆ 190. ಹೆಚ್ಚು ಬಳಸುವವರಿಗೆ ಮನೆ ಸುಧಾರಿಸಿದರೆ ಹೆಚ್ಚು ಲಾಭ. ದರವೇ ಇಲ್ಲಿ ಪ್ರೋತ್ಸಾಹಧನ.

‘ಶಮ್ಸ್ ದುಬೈ’ ಯೋಜನೆಯಲ್ಲಿ ತಾರಸಿ ಸೋಲಾರಿನ ಹೆಚ್ಚುವರಿ ಯೂನಿಟ್‌ಗಳು ಮುಂದಿನ ಬಿಲ್ಲುಗಳಿಗೆ ವಜಾ ಆಗುತ್ತವೆ, ನಗದು ಸಿಗಲ್ಲ. ಹಳೆಯ ಕಟ್ಟಡಗಳಿಗೆ 2013ರಲ್ಲಿ ‘ಇತಿಹಾದ್ ಎಸ್ಕೋ’ ಶುರುವಾಯಿತು. ನಮ್ಮ ಪಕ್ಕದ ಜೆಬೆಲ್ ಅಲಿ ಫ್ರೀ ಝೋನ್‌ನ 157 ಕಟ್ಟಡಗಳನ್ನು ಅದು ಕೈಗೆತ್ತಿಕೊಂಡಿತು. ಇಂಥ ಒಪ್ಪಂದದಲ್ಲಿ ಕೆಲಸ ಮಾಡುವ ಕಂಪನಿ ಇಷ್ಟು ಉಳಿತಾಯ ಆಗೇ ಆಗುತ್ತದೆ ಅಂತ ಬರೆದುಕೊಡುತ್ತದೆ. ಉಳಿದ ದುಡ್ಡಿನಿಂದಲೇ ಖರ್ಚು ತೀರಬೇಕು.

ಆದರೆ ಇಲ್ಲಿನ ನಮ್ಮ ಕನ್ನಡ ಕುಟುಂಬಗಳು ಹೆಚ್ಚಾಗಿ ಬಾಡಿಗೆ ಮನೆಯಲ್ಲಿವೆ. ಬಿಲ್ಲು ಕಟ್ಟುವವರು ನಾವು, ಹಳೆಯ ಎಸಿ ಬದಲಿಸಬೇಕಾದವರು ಮಾಲೀಕರು. ಖರ್ಚು ಒಬ್ಬರದು, ಲಾಭ ಇನ್ನೊಬ್ಬರದು ಆದಾಗ ಯಾವ ಪ್ರೋತ್ಸಾಹವೂ ನಾಟುವುದಿಲ್ಲ.

ಊರಿನ ಲೆಕ್ಕ

ಹಾಗಾಗಿ ನಮ್ಮಲ್ಲಿ ಅನೇಕರ ದುಡ್ಡು ಊರಿನ ಮನೆಗೆ ಹೋಗುತ್ತದೆ. ಅಲ್ಲಿ ‘ಪಿಎಂ ಸೂರ್ಯ ಘರ್’ ಇದೆ: 2024ರ ಫೆಬ್ರವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ. ಇದು ತೆರಿಗೆ ರಿಯಾಯಿತಿ ಅಲ್ಲ, ನೇರ ನೆರವು; ಆದ್ದರಿಂದ ತೆರಿಗೆ ಕಟ್ಟದ ನಿವೃತ್ತ ಅಪ್ಪ-ಅಮ್ಮನಿಗೂ ಸಿಗುತ್ತದೆ.

ಹಾಗಂತ ತಕ್ಷಣ ಹಾಕಿಸಿಬಿಡಬೇಡಿ. 2023ರಿಂದ ಕರ್ನಾಟಕದಲ್ಲಿ ‘ಗೃಹಜ್ಯೋತಿ’ ಇದೆ. ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ಕರೆಂಟ್ ಉಚಿತ. ಇಬ್ಬರೇ ಇರುವ ಮನೆಗೆ ಸೊನ್ನೆ ಬಿಲ್ಲು ಬರುತ್ತಿದ್ದರೆ ಸೋಲಾರ್ ಉಳಿಸುವುದಾದರೂ ಏನನ್ನು? ಒಂದು ಸರ್ಕಾರ ಪ್ಯಾನೆಲ್ ಹಾಕಿ ಅನ್ನುತ್ತದೆ, ಇನ್ನೊಂದು ಬಿಲ್ಲನ್ನೇ ಮನ್ನಾ ಮಾಡುತ್ತದೆ. ತಿಂಗಳಿಗೆ 300 ಯೂನಿಟ್ ಸುಡುವ ಮನೆಯ ಲೆಕ್ಕ ಮಾತ್ರ ಬೇರೆ: 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ಅಲ್ಲಿ ಸೋಲಾರ್ ನಿಜಕ್ಕೂ ಕೆಲಸ ಮಾಡುತ್ತದೆ.

ಸಾಲ ಮಾಡಿ ಮನೆ ರಿಪೇರಿ ಮಾಡಿಸಿದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ಕಡಿತ ಇದೆ. ಇದು ಮನೆಯ ಮಾಲೀಕರಿಗೆ ಮಾತ್ರ. ಮನೆ ಅಪ್ಪನ ಹೆಸರಲ್ಲಿದ್ದು ಕಂತು ಕಟ್ಟುವವರು ನಾವಾದರೆ ನಮಗೆ ಏನೂ ಇಲ್ಲ.

ದುಡ್ಡು ಕಳಿಸುವ ಮುಂಚೆ ಮನೆಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಯೂನಿಟ್ ಸುಟ್ಟಿದೆ, ಮನೆ ಯಾರ ಹೆಸರಲ್ಲಿದೆ, ತೆರಿಗೆ ಕಟ್ಟುವವರು ಯಾರು. ರಿಯಾಯಿತಿ ಯಾವುದು ಅನ್ನೋದು ಆಮೇಲಿನ ಮಾತು.