ನೀರಡಿ ಕೈಕೊಟ್ಟ ರೆಗ್ಯುಲೇಟರ್, ಕೈಬಿಡಬಾರದ ಉಸಿರು

ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಜಿಲ್ಲೆಗೆ ಈಜು ಕಲಿಸಿದ್ದು ಕೆರೆ, ಬಾವಿಗಳು. ಸುಗಟೂರು ಸೀಮೆಯಂಥ ಬಯಲುನಾಡಿನಲ್ಲಿ ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು ಬಾವಿಗಿಳಿದವರಿಗೆ ಮೊದಲ ಪಾಠ ಒಂದೇ: ದಮ್ಮು ಕಟ್ಟು. ತಳ ಮುಟ್ಟಿ ಮೇಲೆ ಬಂದವನೇ ಗಟ್ಟಿಗ.

ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾ ತರಬೇತಿಯಲ್ಲಿ ಮೊದಲು ಬಿಡಬೇಕಾದದ್ದು ಈ ಅಭ್ಯಾಸವನ್ನೇ.

ಕರ್ನಾಟಕದಲ್ಲಿ ಸ್ಕೂಬಾ ಎಂದರೆ ನೆನಪಾಗುವುದು ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪ. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಮುಂಗಾರಿನಲ್ಲಿ ಕಡಲು ಬಿಡುವುದಿಲ್ಲ. ಮಳೆಗಾಲ ಮುಗಿದ ಮೇಲೆಯೇ ದೋಣಿಗಳು ಹೊರಡುತ್ತವೆ. ಬರುವವರಲ್ಲಿ ಹೆಚ್ಚಿನವರದು ಒಂದೇ ದಿನದ ಮುಳುಗು, ತರಬೇತುದಾರರು ಪಕ್ಕದಲ್ಲೇ ಇರುತ್ತಾರೆ. ‘ಓಪನ್ ವಾಟರ್’ ಕೋರ್ಸ್‌ಗೆ ಸೇರಿದವರ ಕಥೆ ಬೇರೆ. ಅವರು 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ಮುಂದೆ 18 ಮೀಟರ್ ಆಳದವರೆಗೆ ಇಳಿಯುವ ಅರ್ಹತೆ ಸಿಗುತ್ತದೆ. ಅದಕ್ಕೂ ಮೊದಲು ಉಪಕರಣ ಕೆಟ್ಟರೆ ಏನು ಮಾಡಬೇಕೆಂಬುದನ್ನು ಕೆಡಿಸಿಯೇ ಕಲಿಸುತ್ತಾರೆ.

ಮಾಸ್ಕಿನ ಪಾಠವನ್ನೇ ನೋಡಿ. ನೀರಡಿ ಮಂಡಿಯೂರಿ ಕೂತ ಕಲಿಕಾರ್ಥಿ ಮಾಸ್ಕಿನ ಅಂಚನ್ನು ಸ್ವಲ್ಪ ಸಡಿಲಿಸಿ ನೀರು ಒಳಬಿಟ್ಟುಕೊಳ್ಳಬೇಕು. ನೀರು ಮೂಗಿಗೆ ತಾಗಿದೊಡನೆ ಗಂಟಲು ಬಿಗಿಯುತ್ತದೆ, ಕೈ ತಾನಾಗಿ ಮೇಲ್ಮೈಯತ್ತ ಚಾಚುತ್ತದೆ. ಬಾಯಲ್ಲಿ ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಇದೆ, ಗಾಳಿ ಬರುತ್ತಲೇ ಇದೆ. ಆದರೂ ಮುಳುಗಿಹೋಗುತ್ತಿದ್ದೇನೆ ಎಂಬ ಗಾಬರಿ. ಮಾಡಬೇಕಾದದ್ದು ಇಷ್ಟೇ: ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಮುಖವನ್ನು ತುಸು ಮೇಲೆತ್ತಿ, ಮೂಗಿನಿಂದ ಮೆಲ್ಲಗೆ ಉಸಿರು ಬಿಡಬೇಕು. ಗಾಳಿ ಮೇಲೆ ತುಂಬಿಕೊಂಡು ನೀರನ್ನು ಕೆಳಗಿನಿಂದ ಹೊರದಬ್ಬುತ್ತದೆ.

ರೆಗ್ಯುಲೇಟರ್ ಬಾಯಿಂದ ಜಾರಿದರೆ? ಸಣ್ಣ ಗುಳ್ಳೆಗಳನ್ನು ಬಿಡುತ್ತಾ ಬಲಕ್ಕೆ ವಾಲಿ, ಬಲಗೈಯನ್ನು ತೊಡೆಯ ಪಕ್ಕದಿಂದ ಹಿಂದಕ್ಕೆ ಒಯ್ದು ಅರ್ಧವೃತ್ತದಲ್ಲಿ ಮುಂದಕ್ಕೆ ಬೀಸಿದರೆ ಕೊಳವೆ ತೋಳಿಗೆ ಸಿಗುತ್ತದೆ. ಆ ಗುಳ್ಳೆಗಳೇ ಜೀವರಕ್ಷಕ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ದಮ್ಮು ಕಟ್ಟಿ ಮೇಲಕ್ಕೆ ನುಗ್ಗಿದರೆ ಶ್ವಾಸಕೋಶವೇ ಹರಿಯಬಹುದು. ಬಾವಿಗೆ ಧುಮುಕುವವನು ಒಯ್ಯುವುದು ಮೇಲಿನ ಗಾಳಿಯನ್ನು, ಅವನಿಗೆ ಈ ಅಪಾಯವಿಲ್ಲ.

ಹೊಸಬರು ತುಂಬ ಹೆದರುವುದು ರೆಗ್ಯುಲೇಟರ್ ಕೈಕೊಟ್ಟರೆ ಗಾಳಿಯೇ ನಿಂತುಹೋಗುತ್ತದೆಂದು. ಸಾಮಾನ್ಯವಾಗಿ ಆಗುವುದು ಅದರ ಉಲ್ಟಾ. ಕೆಟ್ಟಾಗ ಮುಚ್ಚಿಕೊಳ್ಳದೆ ತೆರೆದುಕೊಳ್ಳುವಂತೆಯೇ ಅದರ ಕವಾಟವನ್ನು ರೂಪಿಸಿರುತ್ತಾರೆ. ಗಾಳಿ ಭೋರ್ಗರೆದು ನುಗ್ಗುತ್ತದೆ, ಗುಳ್ಳೆಗಳ ಅಬ್ಬರಕ್ಕೆ ಕಣ್ಣು ಕಾಣುವುದಿಲ್ಲ. ಆಗ ತುಟಿ ಬಿಗಿಯದೆ, ಮೌತ್‌ಪೀಸನ್ನು ಬಾಯಂಚಿಗೆ ಹಿಡಿದು ಬೇಕಾದಷ್ಟೇ ಗಾಳಿ ಹೀರಿಕೊಳ್ಳಬೇಕು. ಸಿಲಿಂಡರ್ ನಿಮಿಷಗಳಲ್ಲೇ ಬರಿದಾಗಬಹುದು. ಆದ್ದರಿಂದ ಜೊತೆಗಾರನಿಗೆ ಸನ್ನೆ ಮಾಡಿ, ಅವನ ಬಳಿಯ ಹೆಚ್ಚುವರಿ ರೆಗ್ಯುಲೇಟರ್ ಬಾಯಿಗಿಟ್ಟುಕೊಂಡು ಇಬ್ಬರೂ ಒಟ್ಟಿಗೆ ನಿಧಾನಕ್ಕೆ ಏರುತ್ತಾರೆ.

ಗಾಬರಿಗೆ ದೇಹದ ಲೆಕ್ಕವೂ ಇದೆ. ಏದುಸಿರು ಬಿಟ್ಟಾಗ ಇಂಗಾಲದ ಡೈಆಕ್ಸೈಡ್ ಸರಿಯಾಗಿ ಹೊರಹೋಗುವುದಿಲ್ಲ. ಅದು ಹೆಚ್ಚಿದಷ್ಟೂ ಉಸಿರು ಸಾಲದೆಂಬ ಭಾವನೆ ಹೆಚ್ಚುತ್ತದೆ, ಚೆನ್ನಾಗಿಯೇ ಕೆಲಸ ಮಾಡುತ್ತಿರುವ ರೆಗ್ಯುಲೇಟರ್ ಕೆಟ್ಟಿತೆಂದು ಅನಿಸುತ್ತದೆ. ತರಬೇತುದಾರರು ‘ನಿಲ್ಲು, ಉಸಿರಾಡು, ಯೋಚಿಸು, ಆಮೇಲೆ ಮಾಡು’ ಎಂದು ಹೇಳುವುದು ಇದಕ್ಕೇ. ಉದ್ದನೆಯ ಒಂದೆರಡು ನಿಶ್ವಾಸಗಳಾದ ಮೇಲೆ ಕೈ ತನ್ನ ಕೆಲಸ ನೆನಪಿಸಿಕೊಳ್ಳುತ್ತದೆ. ನೀರಡಿಯ ಶಾಂತಿ ಹುಟ್ಟುಗುಣವಲ್ಲ, ಕೈಗೆ ಕೂತ ರೂಢಿ. ಅದಕ್ಕೇ ಮಾಸ್ಕಿನ ಪಾಠವನ್ನು ಒಮ್ಮೆ ಮಾಡಿಸಿ ಮುಗಿಸುವ ತರಗತಿಗಿಂತ, ಬೇಸರ ಬರುವಷ್ಟು ಮಾಡಿಸುವ ತರಗತಿ ಮೇಲು.

ಕೋಲಾರದವರಿಗೆ ಇದು ದೂರದ ಮಾತೂ ಅಲ್ಲ. ಈಜುಕೊಳದ ಪಾಠಗಳನ್ನು ಬೆಂಗಳೂರಿನಲ್ಲೇ ಮುಗಿಸಿ, ಕಡಲ ಮುಳುಗುಗಳಿಗೆ ಮಾತ್ರ ನೇತ್ರಾಣಿಗೆ ಹೋಗಬಹುದು. ಕೊಳದಲ್ಲಿ ಮಾಸ್ಕ್ ತೆಗೆದು ಹಾಕುವುದು ಸಲೀಸಾಗದಿದ್ದರೆ ಇನ್ನೊಂದು ಪಾಠ ಬೇಕೆಂದು ಕೇಳುವ ಹಕ್ಕು ಕಲಿಯುವವರಿಗಿದೆ. ದೋಣಿ ಏರುವ ಮೊದಲೇ ಕೇಳಬೇಕು.