ಪ್ರಮಾಣೀಕೃತ ಹಳೆಯ ಕಾರು: ಹೆಚ್ಚಿನ ಬೆಲೆಗೆ ಸಿಗುವುದೇನು?

ಚಿಕ್ಕಬಳ್ಳಾಪುರ: ಹೊಸ ಕಾರು ಕೊಳ್ಳಲು ಹಣ ಸಾಲದು, ದಲ್ಲಾಳಿಯ ಮಾತು ನಂಬಲು ಮನಸ್ಸು ಒಪ್ಪದು. ಇಂಥ ಇಕ್ಕಟ್ಟಿನಲ್ಲಿರುವ ಗ್ರಾಹಕರನ್ನು ನೆಚ್ಚಿಯೇ ‘ಪ್ರಮಾಣೀಕೃತ’ ಹಳೆಯ ಕಾರುಗಳ ವಹಿವಾಟು ಬೆಳೆದಿದೆ. ಮಾರುತಿ ಸಂಸ್ಥೆ 2001ರಲ್ಲಿ ‘ಟ್ರೂ ವ್ಯಾಲ್ಯೂ’ ಹೆಸರಿನಲ್ಲಿ ಈ ವ್ಯಾಪಾರ ಆರಂಭಿಸಿತು. ಬಳಿಕ ಮಹೀಂದ್ರ, ಹ್ಯುಂಡೈ, ಟೊಯೊಟಾ ಕೂಡ ಇದಕ್ಕಿಳಿದವು. ಮಾಲೀಕನಿಂದ ನೇರವಾಗಿ ಕೊಳ್ಳುವುದಕ್ಕಿಂತ ಇಲ್ಲಿ ಬೆಲೆ ಸಾಮಾನ್ಯವಾಗಿ ಹೆಚ್ಚು.

ಈ ಪ್ರಮಾಣಪತ್ರ ಸರ್ಕಾರದ್ದಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಬಾಡಿ ಮುಂತಾದವನ್ನು ಕಂಪನಿ ತನ್ನದೇ ಪಟ್ಟಿಯಂತೆ ಪರೀಕ್ಷಿಸಿ, ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದು ವರ್ಷದವರೆಗೆ ವಾರಂಟಿ ನೀಡುತ್ತದೆ. ಅದರ ಹರವು ಬಹುತೇಕ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಸೀಮಿತ. ಸವೆಯುವ ಟೈರು, ಬ್ಯಾಟರಿ, ಕ್ಲಚ್ ಪ್ಲೇಟು ಅದರಲ್ಲಿ ಸೇರುವುದು ಅಪರೂಪ. ಪ್ರಮಾಣೀಕರಿಸದ ಕಾರುಗಳೂ ಅದೇ ಮಳಿಗೆಯಲ್ಲಿ ಮಾರಾಟಕ್ಕಿರುವುದುಂಟು. ಅಂಗಡಿಯ ಫಲಕವೇ ಕಾರಿನ ಪ್ರಮಾಣಪತ್ರವಲ್ಲ.

ವಾರಂಟಿಯ ದುರಸ್ತಿ ನಡೆಯುವುದು ಕಂಪನಿ ಒಪ್ಪಿದ ವರ್ಕ್‌ಶಾಪಿನಲ್ಲಿ. ಬೆಂಗಳೂರಿನಲ್ಲಿ ಕಾರು ಕೊಂಡ ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯೋ ಚಿಂತಾಮಣಿಯ ಟೊಮೆಟೊ ಬೆಳೆಗಾರನೋ ಪ್ರತಿ ಸಣ್ಣ ದೋಷಕ್ಕೂ ಮತ್ತೆ ರಾಜಧಾನಿಗೆ ಓಡಬೇಕಾದರೆ ಹೆಚ್ಚಾಗಿ ತೆತ್ತ ಹಣ ದಾರಿಖರ್ಚಿನಲ್ಲೇ ಕರಗೀತು. ಹತ್ತಿರದ ಯಾವ ವರ್ಕ್‌ಶಾಪಿನಲ್ಲಿ ವಾರಂಟಿ ನಡೆಯುತ್ತದೆ ಎಂಬುದನ್ನು ಮುಂಗಡ ಕೊಡುವ ಮುನ್ನವೇ ಬರಹದಲ್ಲಿ ಪಡೆಯುವುದು ಒಳಿತು.

ಗಡಿಯ ಆಕರ್ಷಣೆ ಬೇರೆ ಬಗೆಯದು. ಗೌರಿಬಿದನೂರಿಗೆ ಹಿಂದೂಪುರ ಹತ್ತಿರ, ಚಿಂತಾಮಣಿಗೆ ಮದನಪಲ್ಲಿ. ಆಂಧ್ರದ ಕಾರು ಅಗ್ಗವಾಗಿ ಕಂಡರೂ ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. 12 ತಿಂಗಳಿಗೂ ಹೆಚ್ಚು ಕಾಲ ಇಲ್ಲಿಡುವುದಾದರೆ ಇಲ್ಲಿನ ಸಂಖ್ಯೆ ಪಡೆಯಬೇಕು. ಚಿಕ್ಕಬಳ್ಳಾಪುರದ್ದು ಕೆಎ-40, ಚಿಂತಾಮಣಿಯದು ಕೆಎ-67. ಜೊತೆಗೆ ಕರ್ನಾಟಕದ ಆಜೀವ ತೆರಿಗೆ. ಕಾರಿನ ವಯಸ್ಸಿಗೆ ತಕ್ಕಂತೆ ಅದು ಇಳಿಯುತ್ತದೆಯಾದರೂ ಮೊತ್ತ ಸಣ್ಣದೇನಲ್ಲ. ಸಾರಿಗೆ ಕಚೇರಿಯಲ್ಲಿ ಲೆಕ್ಕ ಹಾಕಿಸದೆ ಅಗ್ಗ ಎನ್ನುವಂತಿಲ್ಲ.

ತನ್ನ ಹಳೆಯ ಕಾರನ್ನು ವಿನಿಮಯಕ್ಕೆ ಕೊಡುವವನಿಗೂ ಅಪಾಯವಿದೆ. ಹಲವು ಕೈ ದಾಟಿದ ಕಾರೊಂದು 2009ರಲ್ಲಿ ಅಪಘಾತಕ್ಕೀಡಾದಾಗ ನೋಂದಣಿ ಪುಸ್ತಕದಲ್ಲಿ ಹಿಂದಿನ ಮಾಲೀಕನ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಆತನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಹಳೆಯ ವಾಹನಗಳ ಮಾರಾಟಗಾರರು ಸಾರಿಗೆ ಇಲಾಖೆಯ ಅಧಿಕೃತ ಪತ್ರ ಪಡೆಯಬೇಕು. ಕಾರು ಅವರ ಕೈಸೇರಿದ್ದನ್ನು ಇಲಾಖೆಗೆ ತಿಳಿಸುವ ವ್ಯವಸ್ಥೆಯೂ ಅದರಲ್ಲಿದೆ. ಆ ಪತ್ರ ಕೇಳಲು ಸಂಕೋಚ ಬೇಡ.

ಬೆಲೆಯ ವಿಷಯದಲ್ಲಿ ಈಗ ಹೊಸ ಲೆಕ್ಕ ಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಎರಡು ವರ್ಷ ಓಡಿದ ಕಾರಿಗೆ ಹೊಸದರ ಸಮೀಪದ ಬೆಲೆ ಹೇಳಿದರೆ ಒಪ್ಪುವ ಕಾರಣವಿಲ್ಲ. ಹಳೆಯ ಕಾರಿನ ಮೇಲಿನ ಶೇ 18 ಜಿಎಸ್‌ಟಿ ವ್ಯಾಪಾರಿಯ ಲಾಭಾಂಶಕ್ಕೆ ಮಾತ್ರ, ಪೂರ್ತಿ ಬೆಲೆಗಲ್ಲ.

ಮೂರರಿಂದ ಐದು ವರ್ಷದ ಕಾರು, ಹತ್ತಿರದಲ್ಲೇ ವರ್ಕ್‌ಶಾಪು, ಪರಿಚಯದ ಮೆಕ್ಯಾನಿಕ್ ಇಲ್ಲದ ಕುಟುಂಬ: ಇಷ್ಟಿದ್ದರೆ ಪ್ರಮಾಣೀಕೃತ ಕಾರಿಗೆ ಹೆಚ್ಚು ತೆರುವುದು ಸರಿ. ಎಂಟು, ಹತ್ತು ವರ್ಷದ ಕಾರಿಗಾದರೆ ನಂಬಿಕೆಯ ಮೆಕ್ಯಾನಿಕ್‌ನ ಕಣ್ಣು ಮತ್ತು ಸರ್ವಿಸ್ ದಾಖಲೆಯೇ ಮೇಲು. ಮೀಟರಿನ ಅಂಕಿ ಆ ದಾಖಲೆಗೆ ಹೊಂದುತ್ತದೆಯೇ ನೋಡಬೇಕು. ನುಣುಪಾದ ಹೆದ್ದಾರಿಯಲ್ಲಿ ಓಡಿಸಿದರೆ ಹೆಚ್ಚೇನೂ ತಿಳಿಯದು. ನಂದಿ ಬೆಟ್ಟದಂಥ ಏರಿನಲ್ಲಿ ಕ್ಲಚ್ಚು, ಇಳಿಜಾರಿನಲ್ಲಿ ಬ್ರೇಕು ತಮ್ಮ ನಿಜ ಹೇಳುತ್ತವೆ.

ಎಲ್ಲಿ ಕೊಂಡರೂ ಸಾಲದ ನಮೂದು ರದ್ದಾಗಿದೆಯೇ ಎಂದು ಪರಿಶೀಲಿಸಬೇಕು. ವಿಮೆಯನ್ನು 14 ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಲು ಅರ್ಜಿ ಸಲ್ಲಿಸಬೇಕು. ಹಿಂದಿನ ಮಾಲೀಕನ ‘ನೋ ಕ್ಲೇಮ್ ಬೋನಸ್’ ಹೊಸಬನಿಗೆ ಬರುವುದಿಲ್ಲವಾದ್ದರಿಂದ ಆ ವ್ಯತ್ಯಾಸದ ಹಣವನ್ನೂ ಕೊಳ್ಳುವವನೇ ಕಟ್ಟಬೇಕಾಗುತ್ತದೆ.